ಐಸ್ ಇಲ್ಲದ ಊರಿನ ಲಾಗರ್: ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿಯ ಕತೆ

ಸ್ಟೀಮ್ ಬಿಯರ್‌ನಲ್ಲಿ ಆವಿ ಇರುವುದಿಲ್ಲ. ಅದನ್ನು ಬಿಸಿಯಾಗಿ ಕುಡಿಯುವುದೂ ಇಲ್ಲ. ಈ ಭಾಷಣದ ಪೋಸ್ಟರ್‌ನಲ್ಲಿ ಆ ಹೆಸರು ನೋಡಿ ಕೆಲವರು ನನ್ನನ್ನು ಅದನ್ನೇ ಕೇಳಿದಿರಿ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಆ ಹೆಸರು ಹೇಗೆ ಬಂತು ಅನ್ನೋದಕ್ಕೆ ಒಂದೆರಡು ಕತೆಗಳಿವೆ. ಪೀಪಾಯಿಗೆ ನಲ್ಲಿ ಹೊಡೆದ ತಕ್ಷಣ ಬುಸ್ ಅಂತ ಗ್ಯಾಸ್ ನುಗ್ಗುತ್ತಿತ್ತು ಅಂತ ಒಂದು. ಕಟ್ಟಡದ ಮೇಲೆ ಬಿಸಿ ರಸವನ್ನು ಆರಲು ಬಿಟ್ಟಾಗ ಊರಿನ ಮಂಜಿನಲ್ಲಿ ಹಬೆ ಏಳುತ್ತಿತ್ತು ಅಂತ ಇನ್ನೊಂದು. ಯಾವುದನ್ನು ನಂಬಿದರೂ ಬಿಯರ್ ರುಚಿ ಬದಲಾಗುವುದಿಲ್ಲ, ಮುಂದೆ ಹೋಗೋಣ.

ಇವತ್ತು ನಾನು ಮಾತಾಡುವುದು ಈ ಸ್ಟೀಮ್ ಬಿಯರ್ ಮಾಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿಯ ಬಗ್ಗೆ. ಬೆಂಗಳೂರಲ್ಲಿ ಕೂತು ಅಲ್ಲಿಯ ಬ್ರೂವರಿಯ ಕತೆ ಯಾಕೆ ಅಂತ ಕೇಳಬಹುದು. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ನೀವು ಐಪಿಎ (ಇಂಡಿಯಾ ಪೇಲ್ ಏಲ್ ಅನ್ನೋ ಕಹಿ ಬಿಯರ್) ಅಂತ ಕೇಳಿ ತರಿಸಿಕೊಳ್ಳುವ ಗ್ಲಾಸಿಗೂ ಈ ಬ್ರೂವರಿಗೂ ನೇರ ಸಂಬಂಧ ಇದೆ. ಅದು ಎಲ್ಲಿ ಕೂಡಿಕೊಳ್ಳುತ್ತದೆ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು ಕಾರಣವೂ ಇದೆ. ಈ ಬ್ರೂವರಿ ಎಷ್ಟು ಸಲ ಮುಚ್ಚಿದೆ ಅಂದರೆ, ಒಂದು ಬ್ರೂವರಿ ಯಾವುದರಿಂದ ಉಳಿಯುತ್ತದೆ, ಯಾವುದರಿಂದ ಉಳಿಯುವುದಿಲ್ಲ ಅನ್ನೋದನ್ನು ಇದರಷ್ಟು ಚೆನ್ನಾಗಿ ತೋರಿಸುವ ಕತೆ ಬೇರೆ ಇಲ್ಲ. ಹಳೆಯದು ಅನ್ನೋ ಒಂದೇ ಕಾರಣಕ್ಕೆ ಅದು ಯಾವತ್ತೂ ಉಳಿದಿಲ್ಲ. ಪ್ರತಿ ಸಲವೂ ದುಡ್ಡು ಹೋದರೂ ಪರವಾಗಿಲ್ಲ ಅಂತ ಯಾರೋ ಒಬ್ಬರು ಬಂದು ಬಿಯರ್ ಪಕ್ಕದಲ್ಲೇ ನಿಂತರು, ಅದಕ್ಕೆ ಉಳಿಯಿತು.

ಕುಡಿಯದವರೂ ಸುಮಾರು ಜನ ಇದ್ದೀರಿ ಅಂತ ಗೊತ್ತು. ಅದಕ್ಕೆ ಬಿಯರ್ ಹೇಗೆ ಆಗುತ್ತದೆ ಅಂತ ಎರಡು ಮಾತು. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುತ್ತಾರೆ. ಅದನ್ನು ಒಡೆದು ಬಿಸಿನೀರಲ್ಲಿ ನೆನೆಸಿದರೆ ಸಿಹಿ ರಸ ಬರುತ್ತದೆ. ಆ ರಸಕ್ಕೆ ಹಾಪ್ಸ್ ಅನ್ನೋ ಕಹಿ ಹೂವನ್ನು ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಅಷ್ಟೇ. ಉಳಿದದ್ದೆಲ್ಲ ಉಷ್ಣಾಂಶ, ಸಮಯ ಮತ್ತು ಪಾತ್ರೆ ತೊಳೆಯುವ ಕೆಲಸ. ಪಾತ್ರೆ ತೊಳೆಯುವುದು ಅಂದಾಗ ನಕ್ಕಿರಿ. ನಗಬೇಡಿ, ಈ ಕತೆಯ ಅರ್ಧ ಭಾಗ ಅದೇ.

ಯೀಸ್ಟ್‌ನಲ್ಲಿ ಎರಡು ಮುಖ್ಯ ಜಾತಿ. ಏಲ್ ಯೀಸ್ಟ್ ಸ್ವಲ್ಪ ಬೆಚ್ಚಗಿದ್ದರೂ ಕೆಲಸ ಮಾಡುತ್ತದೆ, ಹಣ್ಣಿನ ವಾಸನೆ ಕೊಡುತ್ತದೆ. ಲಾಗರ್ ಯೀಸ್ಟ್ ಜರ್ಮನಿಯ ಕಡೆಯದು. ಅದಕ್ಕೆ ತಣ್ಣಗಿರಬೇಕು, ಸುಮಾರು 10 ಡಿಗ್ರಿ. ಮೆಲ್ಲಗೆ, ವಾರಗಟ್ಟಲೆ ಕೆಲಸ ಮಾಡಿ ತಿಳಿಯಾದ ಬಿಯರ್ ಕೊಡುತ್ತದೆ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಬಾಟಲಿ ಬಿಯರ್‌ಗಳಲ್ಲಿ ಹೆಚ್ಚಿನವು ಲಾಗರ್‌ಗಳೇ.

ಈಗ 1849ಕ್ಕೆ ಬನ್ನಿ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದೆ ಅಂತ ಸುದ್ದಿ ಹಬ್ಬಿ ಜನ ಮುಗಿಬಿದ್ದು ಬಂದರು. ಬಂದವರಲ್ಲಿ ಜರ್ಮನ್ನರೂ ಇದ್ದರು. ಅವರಿಗೆ ಲಾಗರ್ ಬೇಕು. ಆದರೆ ಲಾಗರ್ ಮಾಡಲು ಐಸ್ ಬೇಕು. ಯಂತ್ರದಿಂದ ತಂಪು ಮಾಡುವ ವಿದ್ಯೆ ಬ್ರೂವರಿಗಳಿಗೆ ಬರಲು ಇನ್ನೂ ಎರಡು ಮೂರು ದಶಕ ಇತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆರೆ ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಅಲಾಸ್ಕಾದಿಂದ ಹಡಗಿನಲ್ಲಿ ಐಸ್ ತರಿಸುತ್ತಿದ್ದರು. ಬಿಯರ್‌ಗೆ ಸುರಿಯುವಷ್ಟು ಅಗ್ಗದ ಮಾಲಲ್ಲ ಅದು. ಆದರೆ ಆ ಊರಿಗೆ ಬೇರೆ ಒಂದು ಅನುಕೂಲ ಇದೆ. ಬೇಸಿಗೆಯಲ್ಲೂ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ, ಮಂಜು. ಜುಲೈ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುವ ಊರು ಅದು.

ಅಲ್ಲಿಯ ಬ್ರೂವರ್‌ಗಳು ಮಾಡಿದ್ದೇನು ಅಂದರೆ, ಲಾಗರ್ ಯೀಸ್ಟನ್ನೇ ತಂದು ಏಲ್‌ನ ಬೆಚ್ಚನೆಯಲ್ಲಿ ದುಡಿಸಿದರು. ಹುದುಗು ಬರುವಾಗ ರಸ ತಾನೇ ಬಿಸಿಯಾಗುತ್ತದೆ. ಆಳವಾದ ಪೀಪಾಯಿಯಲ್ಲಿ ಆ ಬಿಸಿ ಹೊರಗೆ ಹೋಗುವುದಿಲ್ಲ. ಅದಕ್ಕೆ ಅಗಲವಾದ, ಆಳವಿಲ್ಲದ, ಮೇಲೆ ತೆರೆದ ತೊಟ್ಟಿಗಳಲ್ಲಿ ರಸ ತುಂಬಿದರು. ಮೇಲ್ಮೈ ಜಾಸ್ತಿ ಇದ್ದರೆ ಬೇಗ ಆರುತ್ತದೆ. ಎರಡು ಮೂರು ದಿನದಲ್ಲಿ ಹುದುಗು ಮುಗಿಯುತ್ತದೆ. ಲಾಗರ್‌ನ ತಿಳಿತನ ಸ್ವಲ್ಪ, ಏಲ್‌ನ ಹಣ್ಣಿನ ಗುಣ ಸ್ವಲ್ಪ. ಹೀಗೆ ಬಂದದ್ದು ಸ್ಟೀಮ್ ಬಿಯರ್. ಕೂಲಿ ಮಾಡುವವರ ಬಿಯರ್, ಅಗ್ಗದ್ದು. ಯಾರೂ ಇದನ್ನು ಕಲೆ ಅಂತ ಅಂದುಕೊಂಡಿರಲಿಲ್ಲ. ಯಂತ್ರದ ತಂಪು ಬಂದ ಮೇಲೆ ಹೆಚ್ಚಿನವರು ಇದನ್ನು ಬಿಟ್ಟು ನಿಜವಾದ ಲಾಗರ್‌ಗೆ ಹೋದರು.

ಬಿಡದವರಲ್ಲಿ ಆ್ಯಂಕರ್ ಒಂದು. ಅದರ ಮೊದಲ ನೂರು ವರ್ಷ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಬರೀ ಬೆಂಕಿ ಮತ್ತು ಸಾವಿನ ಪಟ್ಟಿ. 1871ರಲ್ಲಿ ಗಾಟ್ಲೀಬ್ ಬ್ರೆಕ್ಲ ಅನ್ನೋ ಜರ್ಮನ್ ಪೆಸಿಫಿಕ್ ರಸ್ತೆಯ ಒಂದು ಹಳೆಯ ಸಲೂನ್ ಕೊಂಡು ಬ್ರೂವರಿ ಮಾಡಿದ. ಸಲೂನ್ ಅಂದರೆ ಕ್ಷೌರದಂಗಡಿ ಅಲ್ಲ, ಬಿಯರ್ ಕುಡಿದು ಬಿಲಿಯರ್ಡ್ಸ್ ಆಡುವ ಜಾಗ. 1896ರಲ್ಲಿ ಅರ್ನ್ಸ್ಟ್ ಬರೂತ್ ಮತ್ತು ಅವನ ಅಳಿಯ ಆಟೊ ಶಿಂಕೆಲ್ ಅದನ್ನು ಕೊಂಡು ಆ್ಯಂಕರ್ ಅಂತ ಹೆಸರಿಟ್ಟರು. 1906ರ ಫೆಬ್ರವರಿಯಲ್ಲಿ ಮಾವ ತೀರಿಕೊಂಡ. ಅದೇ ವರ್ಷ ಏಪ್ರಿಲ್ 18ಕ್ಕೆ ಭೂಕಂಪ, ಹಿಂದೆಯೇ ಊರಿಗೆ ಊರೇ ಉರಿದ ಬೆಂಕಿ. ಬ್ರೂವರಿ ಸುಟ್ಟುಹೋಯಿತು. ಮಾರನೇ ವರ್ಷ ಅಳಿಯ ರಸ್ತೆಯಲ್ಲಿ ಟ್ರಾಮಿಗೆ ಸಿಕ್ಕಿ ಸತ್ತ. ಉಳಿದವರು ಮತ್ತೆ ಕಟ್ಟಿದರು. 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂತು, ಬಾಗಿಲು ಹಾಕಿದರು. 1933ರಲ್ಲಿ ಬಿಯರ್‌ಗೆ ಮತ್ತೆ ಅನುಮತಿ ಸಿಕ್ಕಿತು, ಜೋ ಕ್ರಾಸ್ ಅನ್ನೋರು ತೆರೆದರು. ಒಂದು ವರ್ಷ ತುಂಬುವ ಮೊದಲೇ ಮತ್ತೆ ಬೆಂಕಿ. ಬೇರೆ ಕಡೆ ಮತ್ತೆ ಶುರು. 1959ರಲ್ಲಿ ಮತ್ತೆ ಬಂದ್. 1960ರಲ್ಲಿ ಲಾರೆನ್ಸ್ ಸ್ಟೀಸ್ ಅನ್ನೋ ಇನ್ನೊಬ್ಬ ಹುಚ್ಚ ಕೊಂಡು ತೆರೆದ. ಹುಚ್ಚ ಅಂತ ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಜನ ದೊಡ್ಡ ಕಂಪನಿಗಳ ತೆಳು ಲಾಗರ್‌ಗೆ ಒಗ್ಗಿಹೋಗಿದ್ದ ಕಾಲ ಅದು. ಹಳೇ ಕಾಲದ ಕಂದು ಬಿಯರ್ ಯಾರಿಗೆ ಬೇಕಿತ್ತು?

ಬೇಕಿದ್ದವನು ಒಬ್ಬನಿದ್ದ. ನಾರ್ತ್ ಬೀಚ್‌ನಲ್ಲಿ ಓಲ್ಡ್ ಸ್ಪಗೆಟಿ ಫ್ಯಾಕ್ಟರಿ ಅಂತ ಒಂದು ಹೋಟೆಲ್ ಇತ್ತು, ಕವಿಗಳು ಕಲಾವಿದರು ಸೇರುವ ಜಾಗ. ಅಲ್ಲಿ ಸ್ಟೀಮ್ ಬಿಯರ್ ಸಿಗುತ್ತಿತ್ತು. 1965ರಲ್ಲಿ ಅಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗನಿಗೆ ಹೋಟೆಲ್ ಮಾಲೀಕ ಹೇಳಿದ: ನೀನು ಕುಡಿಯುತ್ತೀಯಲ್ಲ ಈ ಬಿಯರ್, ಆ ಬ್ರೂವರಿ ಮುಚ್ಚಿಹೋಗುತ್ತಿದೆ, ಒಂದು ಸಲ ಹೋಗಿ ನೋಡಿಕೊಂಡು ಬಾ ಅಂತ. ಹುಡುಗ ಹೋದ. ನೋಡಿದ. 51 ಪರ್ಸೆಂಟ್ ಪಾಲು ಕೊಂಡುಬಿಟ್ಟ. ಕೊಟ್ಟ ದುಡ್ಡು ಕೆಲವೇ ಸಾವಿರ ಡಾಲರ್.

ಆ ಹುಡುಗ ಫ್ರಿಟ್ಜ್ ಮೇಟ್ಯಾಗ್. ಆಗ 27 ವರ್ಷ. ಅಮೆರಿಕದಲ್ಲಿ ಮೇಟ್ಯಾಗ್ ಅಂದರೆ ವಾಷಿಂಗ್ ಮೆಷಿನ್. ಆ ಕಂಪನಿ ಕಟ್ಟಿದವರ ಮರಿಮೊಮ್ಮಗ ಇವರು. ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಇವರ ತಂದೆ ಅಯೋವಾ ರಾಜ್ಯದ ನ್ಯೂಟನ್ ಊರಲ್ಲಿ ಡೈರಿ ಮಾಡಿ ಬ್ಲೂ ಚೀಸ್ ತಯಾರಿಸುತ್ತಿದ್ದರು. ಬೇಕಾದ ಸೂಕ್ಷ್ಮಜೀವಿಯನ್ನು ಸಾಕುವುದು, ಬೇಡದ್ದನ್ನು ಹೊರಗಿಡುವುದು, ಇದು ಮನೆಯಲ್ಲೇ ನೋಡಿ ಬೆಳೆದ ಕೆಲಸ. ದುಡ್ಡಿರುವ ಮನೆಯ ಮಗ ಸುಮ್ನೆ ಶೋಕಿಗೆ ಬ್ರೂವರಿ ಕೊಂಡ ಅಂತ ಹೇಳುವವರಿದ್ದಾರೆ. ದುಡ್ಡಿತ್ತು, ನಿಜ. ದುಡ್ಡಿಲ್ಲದಿದ್ದರೆ ಮುಂದಿನ ಹತ್ತು ವರ್ಷ ನಷ್ಟದಲ್ಲಿ ನಡೆಸಲು ಆಗುತ್ತಲೇ ಇರಲಿಲ್ಲ. ಆದರೆ ಶೋಕಿಯವನು ಮೈಕ್ರೋಸ್ಕೋಪ್ ತಂದಿಟ್ಟುಕೊಂಡು ಕೂರುವುದಿಲ್ಲ.

ಅವರು ಕೊಂಡಾಗ ಆ್ಯಂಕರ್‌ನ ಬಿಯರ್ ಹೆಚ್ಚಾಗಿ ಹುಳಿಯಾಗಿರುತ್ತಿತ್ತು. ಪಾತ್ರೆಗಳು ಹಳೆಯವು, ಶುಚಿ ಅಷ್ಟಕ್ಕಷ್ಟೇ. ಬಾಟಲಿ ಇರಲಿಲ್ಲ, ಪೀಪಾಯಿ ಮಾತ್ರ. ತೆಗೆದುಕೊಳ್ಳುವ ಬಾರ್‌ಗಳು ಬೆರಳೆಣಿಕೆಯಷ್ಟು. ಹುಳಿ ಬಂದ ಬಿಯರ್ ಕುಡಿದರೆ ಯಾರೂ ಸಾಯುವುದಿಲ್ಲ, ಆದರೆ ಎರಡನೇ ಗ್ಲಾಸ್ ಯಾರೂ ಕೇಳುವುದಿಲ್ಲ. ಮೇಟ್ಯಾಗ್ ಫ್ರೆಂಚ್ ವಿಜ್ಞಾನಿ ಲೂಯಿ ಪಾಸ್ಚರ್ ಬರೆದದ್ದನ್ನು ಓದಿದರು. ಬಿಯರ್ ಕೆಡುವುದು ಬ್ಯಾಕ್ಟೀರಿಯಾದಿಂದ ಅಂತ 19ನೇ ಶತಮಾನದಲ್ಲೇ ಪಾಸ್ಚರ್ ತೋರಿಸಿಕೊಟ್ಟಿದ್ದರು. ಮೇಟ್ಯಾಗ್ ಪ್ರತಿ ಹಂತದಲ್ಲೂ ಒಂದು ಹನಿ ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡತೊಡಗಿದರು. ಹಳೆಯ ಪಾತ್ರೆ ಪೈಪು ಒಂದೊಂದಾಗಿ ಬದಲಾದವು. ಸಕ್ಕರೆ ಪಾಕ ಸೇರಿಸಿ ಖರ್ಚು ಉಳಿಸುವುದನ್ನು ನಿಲ್ಲಿಸಿ, ಪೂರ್ತಿ ಬಾರ್ಲಿ ಮಾಲ್ಟ್‌ಗೆ ಬಂದರು. 1969ರಲ್ಲಿ ಉಳಿದ ಪಾಲನ್ನೂ ಕೊಂಡರು. 1971ರಲ್ಲಿ ಮೊದಲ ಸಲ ಸ್ಟೀಮ್ ಬಿಯರ್ ಬಾಟಲಿಗೆ ಬಂತು.

ಈ ವಿಷಯದಲ್ಲಿ ಜನ ಒಂದು ತಪ್ಪು ಲೆಕ್ಕ ಹಾಕುತ್ತಾರೆ ಅನ್ನಿಸುತ್ತದೆ. ಮೇಟ್ಯಾಗ್ ಹಳೆಯ ಬಿಯರನ್ನು ಹಾಗೇ ಕಾಪಾಡಿದರು ಅಂತ ಎಲ್ಲ ಕಡೆ ಬರೆಯುತ್ತಾರೆ. ಹಾಗೇ ಕಾಪಾಡಿದ್ದರೆ ಅದು ಹುಳಿ ಬಿಯರ್ ಆಗೇ ಇರುತ್ತಿತ್ತು. ಅವರು ವಿಧಾನ ಉಳಿಸಿಕೊಂಡರು, ಬಿಯರ್ ಹೊಸದಾಗಿ ಮಾಡಿದರು. ತೆರೆದ ತೊಟ್ಟಿ ಹಾಗೇ ಇತ್ತು. ಆದರೆ ಆ ತೊಟ್ಟಿ ಇರುವ ಕೋಣೆಗೆ ಬರುವ ಗಾಳಿಯನ್ನು ಸೋಸಿ ಬಿಡುತ್ತಿದ್ದರು.

ನಾನು ಆ ಕೋಣೆಯನ್ನು ಗಾಜಿನಾಚೆಯಿಂದ ನೋಡಿದ್ದೇನೆ. ಕೆಲಸದ ಮೇಲೆ ಅಲ್ಲಿದ್ದಾಗ ಬ್ರೂವರಿ ಟೂರ್‌ಗೆ ಹೋಗಿದ್ದೆ. ಎರಡು ಅಡಿಯಷ್ಟೇ ಆಳದ ದೊಡ್ಡ ಸ್ಟೀಲ್ ತೊಟ್ಟಿಗಳು, ಒಂದು ಕೋಣೆಯನ್ನೇ ತುಂಬಿಕೊಂಡು ಕೂತಿದ್ದವು. ಮೇಲೆ ದಪ್ಪ ನೊರೆ, ಅಂಚಿನಲ್ಲಿ ಕಂದು ಗೆರೆ. ಎಲ್ಲೂ ಗಡಿಬಿಡಿ ಇಲ್ಲ. ಒಬ್ಬ ಕೆಲಸಗಾರ ಪೈಪ್ ಹಿಡಿದು ನೆಲ ತೊಳೆಯುತ್ತಿದ್ದ. ಟೂರ್ ಮುಗಿಯುವವರೆಗೂ ತೊಳೆಯುತ್ತಲೇ ಇದ್ದ. ಕೆಳಗಿನ ಅಂತಸ್ತಿಗೆ ಬರುವಷ್ಟರಲ್ಲಿ ನನಗೂ ಅರ್ಥವಾಯಿತು, ಬ್ರೂವರ್‌ಗಳ ಕೆಲಸದಲ್ಲಿ ಹೆಚ್ಚಿನ ಹೊತ್ತು ಹೋಗುವುದು ಅದಕ್ಕೇ.

ತೊಟ್ಟಿಯಲ್ಲಿ ಮೂರು ದಿನ ಆದ ಮೇಲೆ ಬಿಯರನ್ನು ಕೆಳಗೆ ತಣ್ಣನೆಯ ಮುಚ್ಚಿದ ಟ್ಯಾಂಕ್‌ಗೆ ಇಳಿಸುತ್ತಿದ್ದರು. ಆಗ ಅದರಲ್ಲಿ ಗ್ಯಾಸ್ ಇರುತ್ತಿರಲಿಲ್ಲ, ಸಪ್ಪೆಯಾಗಿರುತ್ತಿತ್ತು. ಹೆಚ್ಚಿನ ಕಂಪನಿಗಳು ಹೊರಗಿಂದ ಗ್ಯಾಸ್ ತುಂಬುತ್ತವೆ. ಆ್ಯಂಕರ್‌ನವರು ಹಾಗೆ ಮಾಡುತ್ತಿರಲಿಲ್ಲ. ನೆನ್ನೆ ಮೊನ್ನೆ ಶುರುವಾದ, ಇನ್ನೂ ಹುದುಗುತ್ತಿರುವ ಹೊಸ ಬಿಯರ್ ಸ್ವಲ್ಪ ತೆಗೆದು ಇದಕ್ಕೆ ಸೇರಿಸುತ್ತಿದ್ದರು. ಹೆಪ್ಪು ಹಾಕಿದ ಹಾಗೆ. ಮುಚ್ಚಿದ ಟ್ಯಾಂಕ್‌ನಲ್ಲಿ ಅದು ಮತ್ತೆ ಕೆಲಸ ಶುರು ಮಾಡುತ್ತದೆ, ಬಂದ ಗ್ಯಾಸ್ ಹೊರಗೆ ಹೋಗಲಾರದೆ ಬಿಯರ್‌ನಲ್ಲೇ ಕರಗುತ್ತದೆ. ಇದು ಜರ್ಮನ್ನರ ಹಳೆಯ ವಿಧಾನ. ಅದಕ್ಕೇ ಸ್ಟೀಮ್ ಬಿಯರ್ ಸುರಿದಾಗ ಬರುವ ನೊರೆ ಸೋಡಾದ ನೊರೆ ಅಲ್ಲ. ಸಣ್ಣ ಸಣ್ಣ ಗುಳ್ಳೆ, ಕೆನೆಯಂತೆ ದಪ್ಪ. ಗ್ಲಾಸ್ ಖಾಲಿಯಾಗುತ್ತಾ ಹೋದಂತೆ ಒಳಗೋಡೆಗೆ ಬಳೆ ಬಳೆಯಾಗಿ ಅಂಟಿಕೊಂಡು ನಿಲ್ಲುತ್ತದೆ. ಬಣ್ಣ ತಾಮ್ರದ್ದು. ಮೊದಲು ಸುಟ್ಟ ಬ್ರೆಡ್ಡಿನ, ಕ್ಯಾರಮೆಲ್‌ನ ರುಚಿ. ಆಮೇಲೆ ನಾರ್ದರ್ನ್ ಬ್ರೂವರ್ ಅನ್ನೋ ಹಾಪ್ಸ್‌ನ ಕಹಿ. ಹಣ್ಣಿನ ಕಹಿ ಅಲ್ಲ ಅದು, ಕಟ್ಟಿಗೆ, ಎಲೆಯ ಕಹಿ. ಆಲ್ಕೋಹಾಲ್ 4.9 ಪರ್ಸೆಂಟ್. ಊಟದ ಜೊತೆ ಕುಡಿಯುವ ಬಿಯರ್. ಒಂದು ಗುಟುಕಿಗೆ ಬೆರಗಾಗಿಸುವ ಬಿಯರ್ ಅಲ್ಲವೇ ಅಲ್ಲ. ಈ ಗುಣವೇ ಮುಂದೆ ಅದಕ್ಕೆ ಮುಳುವಾಯಿತು.

ಸ್ಟೀಮ್ ನೆಲೆ ನಿಂತ ಮೇಲೆ ಮೇಟ್ಯಾಗ್ ಬೇರೆ ಬಿಯರ್‌ಗಳಿಗೆ ಕೈ ಹಾಕಿದರು. 1972ರಲ್ಲಿ ಪೋರ್ಟರ್. ಕಪ್ಪು ಬಿಯರ್, ಕಾಫಿ ಚಾಕೊಲೇಟ್ ವಾಸನೆಯದು. ಆ ಹೊತ್ತಿಗೆ ಪೋರ್ಟರ್ ಹುಟ್ಟಿದ ಇಂಗ್ಲೆಂಡಿನಲ್ಲೇ ಅದು ಸತ್ತುಹೋಗಿತ್ತು. ಆಮೇಲೆ ಮೇಟ್ಯಾಗ್ ಇಂಗ್ಲೆಂಡಿಗೆ ಹೋಗಿ ಹಳೆಯ ಬ್ರೂವರಿಗಳನ್ನು ಸುತ್ತಿ ನೋಡಿಕೊಂಡು ಬಂದರು. ಬಂದು ಮಾಡಿದ ಬಿಯರ್ ಬಗ್ಗೆ ಈಗ ಸ್ವಲ್ಪ ನಿಧಾನವಾಗಿ ಹೇಳಬೇಕು.

1775ರ ಏಪ್ರಿಲ್ 18ರ ರಾತ್ರಿ ಪಾಲ್ ರಿವೀರ್ ಅನ್ನೋರು ಕುದುರೆ ಹತ್ತಿ, ಬ್ರಿಟಿಷ್ ಸೈನ್ಯ ಬರುತ್ತಿದೆ ಅಂತ ಊರೂರಿಗೆ ಸುದ್ದಿ ಮುಟ್ಟಿಸಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮಾರನೇ ದಿನ ಶುರು. ಇದಕ್ಕೆ 200 ವರ್ಷ ತುಂಬಿದ ದಿನ, 1975ರ ಏಪ್ರಿಲ್ 18ಕ್ಕೆ, ಆ್ಯಂಕರ್‌ನವರು ಲಿಬರ್ಟಿ ಏಲ್ ಕುದಿಸಿದರು. ಆ್ಯಂಕರ್ ಸುಟ್ಟುಹೋದ ಭೂಕಂಪವೂ ಏಪ್ರಿಲ್ 18ಕ್ಕೇ ಆಗಿತ್ತು ಅಂತ ಆಗಲೇ ಹೇಳಿದೆನಲ್ಲ. ಕಾಕತಾಳೀಯ ಅಷ್ಟೇ, ಆದರೂ ಹೇಳದೆ ಇರಲು ಆಗಲಿಲ್ಲ.

ಲಿಬರ್ಟಿ ಏಲ್‌ನಲ್ಲಿ ಎರಡು ಹೊಸ ವಿಷಯ. ಒಂದು, ಅದರ ಹಾಪ್ಸ್. ಕ್ಯಾಸ್ಕೇಡ್ ಅನ್ನೋ ತಳಿ ಅಮೆರಿಕದ ಆರಿಗನ್‌ನಲ್ಲಿ ಬೆಳೆಸಿದ್ದು, ರೈತರ ಕೈಗೆ ಬಂದು ಆಗ ಮೂರು ವರ್ಷ ಆಗಿತ್ತು ಅಷ್ಟೇ. ಯುರೋಪಿನ ಹಾಪ್ಸ್‌ಗೆ ಮಣ್ಣಿನ, ಹೂವಿನ ವಾಸನೆ. ಕ್ಯಾಸ್ಕೇಡ್‌ಗೆ ಚಕ್ಕೋತದ ವಾಸನೆ. ದೇವನಹಳ್ಳಿ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಗಿನ ಹತ್ತಿರ ಹಿಡಿಯಿರಿ, ಹೆಚ್ಚು ಕಡಿಮೆ ಅದೇ. ಎರಡು, ಹಾಪ್ಸ್ ಹಾಕುವ ಹೊತ್ತು. ಕುದಿಯುವಾಗ ಹಾಕಿದರೆ ಕಹಿ ಬರುತ್ತದೆ, ಪರಿಮಳ ಹಬೆಯ ಜೊತೆ ಹೋಗಿಬಿಡುತ್ತದೆ. ಹುದುಗು ಮುಗಿದ ತಣ್ಣನೆ ಬಿಯರ್‌ಗೆ ಮತ್ತೊಂದು ಸಲ ಹಾಪ್ಸ್ ಹಾಕಿ ಬಿಟ್ಟರೆ ಪರಿಮಳ ಉಳಿಯುತ್ತದೆ. ಇದನ್ನು ಡ್ರೈ ಹಾಪಿಂಗ್ ಅಂತಾರೆ. ಇಂಗ್ಲೆಂಡಿನಲ್ಲಿ ಹಳೆಯ ಪದ್ಧತಿ, ಅಮೆರಿಕದಲ್ಲಿ ಮರೆತುಹೋಗಿತ್ತು.

ಇಂಗ್ಲಿಷ್ ವಿಧಾನ, ಅಮೆರಿಕದ ಹಾಪ್ಸ್. ಇವತ್ತು ಪ್ರಪಂಚದಲ್ಲಿ ಅಮೆರಿಕನ್ ಐಪಿಎ ಅಂತ ಏನು ಮಾರುತ್ತಾರೋ ಅದರ ಮೂಲ ಇಲ್ಲಿದೆ ಅಂತ ಬಿಯರ್ ಬಗ್ಗೆ ಬರೆಯುವವರು ಬಹಳಷ್ಟು ಜನ ಒಪ್ಪುತ್ತಾರೆ. ಲೇಬಲ್ ಮೇಲೆ ಐಪಿಎ ಅಂತ ಇರಲಿಲ್ಲ, ಏಲ್ ಅಂತಷ್ಟೇ ಇತ್ತು. ಮುಂದಿನ ಸಲ 100 ಅಡಿ ರಸ್ತೆಯಲ್ಲಿ ಐಪಿಎ ಗ್ಲಾಸ್ ಎತ್ತಿದಾಗ ಹಣ್ಣಿನ ವಾಸನೆ ಬಂದರೆ ನೆನಪು ಮಾಡಿಕೊಳ್ಳಿ. ಮೊದಲು ಹೇಳಿದ ನೇರ ಸಂಬಂಧ ಅಂದರೆ ಇದೇ.

ಅದೇ 1975ರಲ್ಲಿ ಓಲ್ಡ್ ಫಾಗ್‌ಹಾರ್ನ್ ಬಂತು. ಬಾರ್ಲಿ ವೈನ್ ಅನ್ನೋ ಜಾತಿ, ವೈನ್‌ನಷ್ಟು ಗಟ್ಟಿ ಅಂತ ಆ ಹೆಸರು, ಇರುವುದು ಬಿಯರೇ. ಸಣ್ಣ ಗ್ಲಾಸಿನಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಆ ವರ್ಷದ ಕೊನೆಗೆ ಕ್ರಿಸ್‌ಮಸ್ ಏಲ್. ಪ್ರತಿ ವರ್ಷ ಅದರ ರೆಸಿಪಿ ಬೇರೆ, ಹೇಳುತ್ತಿರಲಿಲ್ಲ. ಲೇಬಲ್ ಮೇಲೆ ಪ್ರತಿ ವರ್ಷ ಬೇರೆ ಒಂದು ಮರದ ಚಿತ್ರ. ಆ ಚಿತ್ರಗಳನ್ನು ದಶಕಗಳ ಕಾಲ ಕೈಯಲ್ಲೇ ಬರೆದವರು ಜಿಮ್ ಸ್ಟಿಟ್ ಅನ್ನೋ ಕಲಾವಿದ. ಬಿಯರ್ ಕುಡಿದು ಬಾಟಲಿಯನ್ನು ಶೋಕೇಸಿನಲ್ಲಿ ಜೋಡಿಸಿಟ್ಟ ಮನೆಗಳು ಆ ಕಡೆ ಬೇಕಾದಷ್ಟಿವೆ. ಒಂದು ಸಣ್ಣ ಬ್ರೂವರಿಗೆ ಜಾಹೀರಾತಿನ ದುಡ್ಡಿಲ್ಲದೆ ಸಿಗುವ ಪ್ರಚಾರ ಅದು.

1979ರಲ್ಲಿ ಪೊಟ್ರೆರೊ ಹಿಲ್‌ನ ಮಾರಿಪೋಸಾ ರಸ್ತೆಗೆ ಬ್ರೂವರಿ ಹೋಯಿತು. ಅದು ಮೊದಲು ಕಾಫಿ ಹುರಿಯುವ ಕಾರ್ಖಾನೆ ಆಗಿತ್ತು. ಚಿಕ್ಕಮಗಳೂರಿನವರು ಇದ್ದರೆ ಖುಷಿಪಡಿ. ಕುದಿಸುವ ದೊಡ್ಡ ಹಂಡೆಗಳು ತಾಮ್ರದವು, ಜರ್ಮನಿಯಿಂದ ತರಿಸಿದ್ದು. ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು.

ಈಗ ಶಿಷ್ಯರ ವಿಷಯ. 70ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ಇದ್ದದ್ದು ನೂರಕ್ಕಿಂತ ಕಡಿಮೆ ಬ್ರೂವರಿ. ಅಷ್ಟು ದೊಡ್ಡ ದೇಶಕ್ಕೆ! ಚಿಕ್ಕದಾಗಿ ಬ್ರೂವರಿ ನಡೆಸಿ ಬದುಕಬಹುದು ಅಂತ ಯಾರಾದರೂ ನೋಡಬೇಕಿದ್ದರೆ ನೋಡಲು ಇದ್ದ ಜಾಗ ಆ್ಯಂಕರ್. ಜಾಕ್ ಮೆಕಾಲಿಫ್ ಬಂದು ನೋಡಿದರು, 1976ರಲ್ಲಿ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಶುರು ಮಾಡಿದರು. ಹಳೆಯ ಡ್ರಮ್ಮು, ಡೈರಿಯ ಸಾಮಾನು ಬೆಸುಗೆ ಹಾಕಿ ಕಟ್ಟಿದ ಬ್ರೂವರಿ ಅದು. ಐದಾರು ವರ್ಷಕ್ಕೆ ಮುಚ್ಚಿತು. ಕೆನ್ ಗ್ರಾಸ್‌ಮನ್ 1980ರಲ್ಲಿ ಚಿಕೋ ಊರಿನಲ್ಲಿ ಸಿಯೆರಾ ನೆವಾಡಾ ಶುರು ಮಾಡಿದರು. ಅವರದೂ ಡೈರಿ ಟ್ಯಾಂಕುಗಳೇ. ಅದು ಮುಚ್ಚಲಿಲ್ಲ, ಬೆಳೆದು ಆ್ಯಂಕರ್‌ಗಿಂತ ಎಷ್ಟೋ ಪಟ್ಟು ದೊಡ್ಡದಾಯಿತು. ಮೇಟ್ಯಾಗ್ ಇವರನ್ನೆಲ್ಲ ಪ್ರತಿಸ್ಪರ್ಧಿ ಅಂತ ನೋಡಲಿಲ್ಲ. ಕೇಳಿದ್ದಕ್ಕೆ ಹೇಳಿಕೊಟ್ಟರು. ಸಣ್ಣವರಿಗೆ ಸಣ್ಣ ಪ್ರಮಾಣದಲ್ಲಿ ಮಾಲ್ಟ್, ಹಾಪ್ಸ್ ಸಿಗದಿದ್ದಾಗ ತಮ್ಮ ದಾಸ್ತಾನಿನಿಂದ ಕೊಟ್ಟದ್ದೂ ಇದೆ.

ಇದನ್ನು ಬರೀ ಒಳ್ಳೆಯತನ ಅಂತ ತಿಳಿಯಬೇಡಿ. ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಬ್ರೂವರಿಗಳು ಮಾಡುವ ಬಿಯರ್, ಅದಕ್ಕೆ ಪೇಟೆಯೇ ಇಲ್ಲದಿದ್ದಾಗ ಒಬ್ಬರೇ ನಿಂತು ಮಾರುವುದು ಕಷ್ಟ. ಹತ್ತು ಜನ ಇದ್ದರೆ ಬಾರ್‌ನವನಿಗೂ ವಿಷಯ ತಿಳಿಯುತ್ತದೆ. ಹಾಗಂತ ಎಲ್ಲವನ್ನೂ ಹಂಚಲಿಲ್ಲ. ಸ್ಟೀಮ್ ಅನ್ನೋ ಹೆಸರನ್ನು ಮಾತ್ರ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಬೇರೆಯವರು ಅದೇ ವಿಧಾನದಲ್ಲಿ ಮಾಡಿದರೆ ಕ್ಯಾಲಿಫೋರ್ನಿಯಾ ಕಾಮನ್ ಅಂತ ಕರೆಯಬೇಕು. ಒಂದು ಕಾಲದಲ್ಲಿ ಊರಿನವರೆಲ್ಲ ಬಳಸುತ್ತಿದ್ದ ಹೆಸರನ್ನು ಒಬ್ಬರೇ ಇಟ್ಟುಕೊಳ್ಳುವುದು ಸರಿಯಾ ಅಂತ ಕೇಳಬಹುದು. ಎಲ್ಲರೂ ಬಿಟ್ಟ ಮೇಲೆ ಉಳಿಸಿಕೊಂಡವರು ಅವರೊಬ್ಬರೇ ಅಲ್ವಾ, ಅದಕ್ಕೆ ನನಗೆ ಅಷ್ಟೇನೂ ತಕರಾರಿಲ್ಲ.

ಸ್ವಲ್ಪ ದಾರಿ ತಪ್ಪಿ ಒಂದು ಕತೆ. 1989ರಲ್ಲಿ ಮೇಟ್ಯಾಗ್‌ಗೆ ಸುಮೇರಿಯಾದ, ಅಂದರೆ ಈಗಿನ ಇರಾಕ್‌ನಲ್ಲಿದ್ದ ಪ್ರಾಚೀನ ನಾಡಿನ ಬಿಯರ್ ಮಾಡುವ ಹಂಬಲ ಬಂತು. ಸುಮಾರು 3,800 ವರ್ಷ ಹಿಂದಿನ ಮಣ್ಣಿನ ಹಲಗೆಯಲ್ಲಿ ನಿಂಕಾಸಿ ಅನ್ನೋ ಬಿಯರ್ ದೇವತೆಯ ಸ್ತುತಿ ಇದೆ. ಅದರಲ್ಲಿ ಬಿಯರ್ ಮಾಡುವ ಕ್ರಮ ಅಡಗಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಾಲಮನ್ ಕಾಟ್ಜ್ ಅನ್ನೋ ಮಾನವಶಾಸ್ತ್ರಜ್ಞರ ಜೊತೆ ಸೇರಿ ಅದರಂತೆ ಬ್ರೆಡ್ ಸುಟ್ಟರು, ಆ ಬ್ರೆಡ್ಡಿನಿಂದ ಬಿಯರ್ ಮಾಡಿದರು. ಸುಮೇರಿಯಾದಲ್ಲಿ ಹಾಪ್ಸ್ ಇರಲಿಲ್ಲ, ಹಾಗಾಗಿ ಹಾಪ್ಸ್ ಹಾಕಲಿಲ್ಲ. ದೊಡ್ಡ ಪಾತ್ರೆಯಿಂದ ಉದ್ದ ಕೊಳವೆ ಹಾಕಿ ಹೀರಿ ಕುಡಿದರು, ಹಳೆಯ ಚಿತ್ರಗಳಲ್ಲಿ ಇರುವ ಹಾಗೆ. ವ್ಯಾಪಾರಕ್ಕೆ ಇದರಿಂದ ಏನೂ ಸಿಗಲಿಲ್ಲ. ಮಾಲೀಕನಿಗೆ ಬಿಯರ್ ಬಗ್ಗೆ ನಿಜವಾದ ಕುತೂಹಲ ಇದ್ದರೆ ಇಂಥದ್ದೆಲ್ಲ ಆಗುತ್ತದೆ. ಆಮೇಲೆ 1993ರಲ್ಲಿ ಅದೇ ಕಟ್ಟಡದಲ್ಲಿ ರೈ ವಿಸ್ಕಿಯನ್ನೂ ಬಟ್ಟಿ ಇಳಿಸಿದರು.

2010ರಲ್ಲಿ ಮೇಟ್ಯಾಗ್ ಬ್ರೂವರಿ ಮಾರಿದರು. 45 ವರ್ಷ ನಡೆಸಿದ್ದರು. ಇಲ್ಲಿ ಬೆಂಗಳೂರಲ್ಲಿ ಆ ಹೊತ್ತಿಗೆ ಸರಿಯಾಗಿ ಮೊದಲ ಮೈಕ್ರೋಬ್ರೂವರಿಗಳು ಬಾಗಿಲು ತೆರೆಯುತ್ತಿದ್ದವು. ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್ ಅಂಥವು. ಅದಕ್ಕೆ ಮೊದಲು ನಮ್ಮೂರಲ್ಲಿ ಬಿಯರ್ ಅಂದರೆ ಯುನೈಟೆಡ್ ಬ್ರೂವರೀಸ್, 1915ರ ಕಂಪನಿ. ಟಾಯ್ಟ್‌ನವರು ಬಾಸ್ಮತಿ ಅಕ್ಕಿ ಹಾಕಿ ಬಾಸ್ಮತಿ ಬ್ಲಾಂಡ್ ಮಾಡುತ್ತಾರಲ್ಲ, ಮೇಟ್ಯಾಗ್ ನೋಡಿದ್ದರೆ ಅಕ್ಕಿ ಯಾಕಪ್ಪಾ ಅಂತ ಹುಬ್ಬು ಏರಿಸುತ್ತಿದ್ದರೋ ಏನೋ. ಪೂರ್ತಿ ಮಾಲ್ಟ್ ಅನ್ನೋದು ಅವರಿಗೆ ಹಟ. ದೊಡ್ಡ ಕಂಪನಿಗಳು ಖರ್ಚು ಉಳಿಸಲು, ಬಿಯರ್ ತೆಳು ಮಾಡಲು ಅಕ್ಕಿ ಹಾಕುತ್ತಿದ್ದ ಕಾಲದವರು ಅವರು. ಪರಿಮಳಕ್ಕಾಗಿ ಅಕ್ಕಿ ಹಾಕುವುದು ಬೇರೆ ಲೆಕ್ಕ, ಅದು ನಮ್ಮ ಕಡೆಯವರಿಗೇ ಹೊಳೆಯಬೇಕು.

ಮೇಟ್ಯಾಗ್ ಹೋದ ಮೇಲಿನ ಕತೆ ಇಳಿಜಾರು. ಹೊಸ ಮಾಲೀಕರು ಕೆಲವು ವರ್ಷ ನಡೆಸಿ 2017ರಲ್ಲಿ ಜಪಾನಿನ ಸಪ್ಪೊರೊ ಕಂಪನಿಗೆ ಮಾರಿದರು. 2019ರಲ್ಲಿ ಕೆಲಸಗಾರರು ಮತ ಹಾಕಿ ಯೂನಿಯನ್ ಕಟ್ಟಿದರು. ಕ್ರಾಫ್ಟ್ ಬ್ರೂವರಿಗಳಲ್ಲಿ ಅದು ಅಪರೂಪ. ಸ್ಯಾನ್ ಫ್ರಾನ್ಸಿಸ್ಕೋ ಅಷ್ಟು ದುಬಾರಿ ಊರು, ಬಿಯರ್ ಮಾಡುವವರಿಗೇ ಆ ಊರಲ್ಲಿ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ ಅನ್ನೋದು ಅವರ ದೂರು. ಮಾರನೇ ವರ್ಷ ಕೋವಿಡ್. 2021ರ ಶುರುವಿನಲ್ಲಿ ಲೇಬಲ್ ಬದಲಾಯಿಸಿದರು. ಕೈಬರಹದ ಹಳೆಯ ಲೇಬಲ್ ಹೋಗಿ, ದೂರದಿಂದ ಕಾಣುವ ಗಾಢ ಬಣ್ಣದ, ಅಚ್ಚುಕಟ್ಟಾದ ಲೇಬಲ್ ಬಂತು. ಅಭಿಮಾನಿಗಳು ರೇಗಾಡಿದರು. 2022ರಲ್ಲಿ ಸಪ್ಪೊರೊ ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂಯಿಂಗ್ ಕೊಂಡಿತು. ತನ್ನ ಬಿಯರ್ ತಯಾರಿಸಲು ಅದಕ್ಕೆ ದೊಡ್ಡ ಕಾರ್ಖಾನೆ ಸಿಕ್ಕಿತು. ತೆರೆದ ತೊಟ್ಟಿ, ತಾಮ್ರದ ಹಂಡೆಯ ಹಳೆಯ ಬ್ರೂವರಿಯಿಂದ ಅದಕ್ಕೆ ಆಗಬೇಕಾದ್ದು ಏನೂ ಉಳಿಯಲಿಲ್ಲ. 2023ರ ಜೂನ್‌ನಲ್ಲಿ ಕ್ರಿಸ್‌ಮಸ್ ಏಲ್ ನಿಲ್ಲಿಸುತ್ತೇವೆ, ಕ್ಯಾಲಿಫೋರ್ನಿಯಾ ಬಿಟ್ಟು ಬೇರೆಲ್ಲೂ ಮಾರುವುದಿಲ್ಲ ಅಂದರು. ಜುಲೈನಲ್ಲಿ ಪೂರ್ತಿ ಮುಚ್ಚುತ್ತೇವೆ ಅಂದರು.

ಎಲ್ಲರೂ ಜಪಾನಿನವರನ್ನು ಬೈದರು. ಬೈಯುವುದು ಸುಲಭ. ಆದರೆ ಆ ಹೊತ್ತಿಗೆ ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಅಂಗಡಿಯ ಫ್ರಿಜ್ಜಿನಲ್ಲಿ ವಾರಕ್ಕೊಂದು ಹೊಸ ಹೆಸರು, ಹೊಸ ಹಾಪ್ಸ್, ಮಾವಿನಹಣ್ಣು ಹಾಕಿದ್ದು, ಹುಳಿ ಬರಿಸಿದ್ದು. ಆ್ಯಂಕರ್ ಅರವತ್ತರ ದಶಕದಲ್ಲಿ ಕಷ್ಟಪಟ್ಟು ಹೊರಗೆ ಹಾಕಿದ ಹುಳಿಗೆ ಈಗ ಜನ ಜಾಸ್ತಿ ದುಡ್ಡು ಕೊಡುತ್ತಿದ್ದರು! ಅದರ ಮಧ್ಯೆ ತಾಮ್ರದ ಬಣ್ಣದ, 4.9 ಪರ್ಸೆಂಟಿನ, ಸೌಮ್ಯವಾದ ಹಳೆಯ ಬಿಯರ್. ಮುಚ್ಚುವ ಸುದ್ದಿ ಬಂದಾಗ ಬ್ರೂವರಿಯ ಮುಂದೆ ಕ್ಯೂ ನಿಂತು ಬಾಟಲಿ ಕೊಂಡರಲ್ಲ, ಅವರಲ್ಲಿ ಅರ್ಧ ಜನ ಅದಕ್ಕೆ ಹಿಂದಿನ ಐದು ವರ್ಷ ಸ್ಟೀಮ್ ಬಿಯರ್ ಮುಟ್ಟಿರಲಿಲ್ಲ ಅಂತ ನನ್ನ ಗುಮಾನಿ. ಪಾಠಕ್ಕೆ ಕೃತಜ್ಞತೆ ಇರುತ್ತದೆ, ಮೇಷ್ಟ್ರ ಮನೆಗೆ ಯಾರೂ ಹೋಗುವುದಿಲ್ಲ.

2024ರ ಮೇ ತಿಂಗಳಲ್ಲಿ ಅದನ್ನು ಹಮ್ದಿ ಉಲುಕಾಯಾ ಕೊಂಡರು. ಆ ಹೆಸರು ಕೇಳಿ ನಗಬೇಡಿ, ಟರ್ಕಿಯಲ್ಲಿ ಹುಟ್ಟಿದ ಕುರ್ದಿಶ್ ಮನುಷ್ಯ, ಹೆಸರು ಹಾಗೇ. ಚೋಬಾನಿ ಅನ್ನೋ ಮೊಸರಿನ ಕಂಪನಿ ಇವರದು. ನ್ಯೂಯಾರ್ಕ್ ರಾಜ್ಯದಲ್ಲಿ ದೊಡ್ಡ ಕಂಪನಿಯೊಂದು ಮುಚ್ಚಿಹೋದ ಮೊಸರಿನ ಕಾರ್ಖಾನೆಯನ್ನು 2005ರಲ್ಲಿ ಕೊಂಡು ಅಲ್ಲಿಂದ ಮೇಲೆ ಬಂದವರು. ಮುಚ್ಚಿದ ಕಾರ್ಖಾನೆ ಕೊಳ್ಳುವುದು ಅವರಿಗೆ ಹೊಸದಲ್ಲ. ನೋಡಿ, 1965ರಲ್ಲಿ ಬಂದವರು ಚೀಸ್ ಮನೆಯವರು, 2024ರಲ್ಲಿ ಬಂದವರು ಮೊಸರಿನವರು. ಬ್ರೂವರಿ ಕೊಳ್ಳಲು ಬ್ಯಾಂಕಿನವರಿಗಿಂತ ಡೈರಿಯವರು ವಾಸಿ ಅಂತ ನನಗೆ ಅನ್ನಿಸುತ್ತದೆ. ಕಣ್ಣಿಗೆ ಕಾಣದ ಜೀವಿ ಇವತ್ತು ಸರಿಯಿದ್ದು ನಾಳೆ ಕೈಕೊಡುತ್ತದೆ ಅಂತ ಅವರಿಗೆ ಅನುಭವದಿಂದ ಗೊತ್ತಿರುತ್ತದೆ. ಆದರೆ ಮೇಟ್ಯಾಗ್ ಬ್ರೂವರಿಯಲ್ಲೇ ನಿಂತು ಕೆಲಸ ಮಾಡುತ್ತಿದ್ದರು. ಉಲುಕಾಯಾ ಅವರಿಗೆ ಅಷ್ಟು ದೊಡ್ಡ ಮೊಸರಿನ ಕಂಪನಿ ಇದೆ. ನನ್ನ ಅನುಮಾನ ಇರುವುದು ಅಲ್ಲಿ.

ಹಿಂದಿನ ಸಾಲಿನಿಂದ ಯಾರೋ ಕೇಳಿದರು, ಹಾಗಾದರೆ ಈ ಬಿಯರ್ ರುಚಿ ನೋಡುವುದು ಹೇಗೆ ಸಾರ್ ಅಂತ. ಪರಿಚಯದ ಬ್ರೂವರ್ ಯಾರಾದರೂ ಇದ್ದರೆ ಒಂದು ಸಲ ಮಾಡಿಕೊಡಿ ಅಂತ ಕೇಳಿ. ಕಷ್ಟದ ರೆಸಿಪಿ ಅಲ್ಲ. ಪೇಲ್ ಮಾಲ್ಟ್, ಅದಕ್ಕೆ ಸ್ವಲ್ಪ ಕ್ಯಾರಮೆಲ್ ಮಾಲ್ಟ್. ಹಾಪ್ಸ್ ನಾರ್ದರ್ನ್ ಬ್ರೂವರ್ ಒಂದೇ ಸಾಕು, ಬೇರೆ ಬೆರೆಸಲು ಬಿಡಬೇಡಿ. ಬೆಚ್ಚಗೆ ಕೆಲಸ ಮಾಡುವ ಲಾಗರ್ ಯೀಸ್ಟ್, ಕ್ಯಾಲಿಫೋರ್ನಿಯಾ ಲಾಗರ್ ಅಂತ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. 16ರಿಂದ 18 ಡಿಗ್ರಿಯಲ್ಲಿ ಹುದುಗು ಬರಲಿ, ಆಮೇಲೆ ತಣ್ಣಗೆ ಕೆಲವು ವಾರ ಇಡಲಿ. ತೆರೆದ ತೊಟ್ಟಿ ಬೇಕು ಅಂತ ಹಟ ಮಾಡಬೇಡಿ, ನಮ್ಮ ಧೂಳಿನಲ್ಲಿ ಅದು ಆಗುವ ಮಾತಲ್ಲ. ಬೋರ್ಡಿನ ಮೇಲೆ ಕ್ಯಾಲಿಫೋರ್ನಿಯಾ ಕಾಮನ್ ಅಂತ ಬರೆಸಿ. ಸ್ಟೀಮ್ ಅಂತ ಬರೆಸಿದರೆ ಆ್ಯಂಕರ್‌ನವರ ವಕೀಲರು ಇಲ್ಲಿವರೆಗೆ ಬರಲಿಕ್ಕಿಲ್ಲ, ಆದರೆ ಬಿಸಿಬಿಸಿ ಬಿಯರ್ ಯಾವಾಗ ಕೊಡ್ತೀರಿ ಅಂತ ಗಿರಾಕಿಗಳು ಕೇಳಿಯೇ ಕೇಳುತ್ತಾರೆ.